ಬಂಡೆಯ ಮಗ್ಗುಲಲ್ಲಿ ಮನೆ ಯಾರಿಗೆ?

ಬಂಡೆ ಹತ್ತುವ ಹವ್ಯಾಸಕ್ಕೆ ಅನುಕೂಲವಾಗುವಂತೆ ಮನೆ ಎಲ್ಲಿ ಮಾಡಬೇಕು? ಹಂಪಿಯ ಆಚೆ ದಡದಲ್ಲೋ, ಬಾದಾಮಿಯಲ್ಲೋ, ರಾಮನಗರದ ಬೆಟ್ಟಗಳ ಬುಡದಲ್ಲೋ? ಕಂಪ್ಯೂಟರಿನ ಮುಂದೆ ಕೂತು, ಊರು ಬಿಟ್ಟು ಹೋದರೂ ಸಂಬಳ ಎಣಿಸಬಲ್ಲ ಬೆಂಗಳೂರು, ಹೈದರಾಬಾದುಗಳ ವರ್ಗಕ್ಕೆ ಇಂದು ಇದೂ ಒಂದು ಪ್ರಶ್ನೆ. ಹುಮನಾಬಾದಿನ ಬೇಳೆ ಗಿರಣಿಯ ಹಮಾಲನ ಮುಂದೆ ಇದನ್ನಿಟ್ಟರೆ ಅವನು ಬೆನ್ನ ಮೇಲಿನ ಚೀಲ ಇಳಿಸಿ ನಗುತ್ತಾನೆ. ನಮ್ಮ ಸಂಗಾತಿಗಳಲ್ಲಿಯೂ ಕೆಲವರು ನಗುತ್ತಾರೆ. ಹೊಟ್ಟೆ ತುಂಬಿದವರು ಕಲ್ಲಾದರೂ ಹತ್ತಲಿ, ಮುಗಿಲಾದರೂ ಹತ್ತಲಿ, ದುಡಿಯುವವನಿಗೆ ಅದರಿಂದೇನು ಎನ್ನುತ್ತಾರೆ.

ಹಮಾಲನ ನಗು ನಮಗೆ ಅರ್ಥವಾಗುತ್ತದೆ. ಸಂಗಾತಿಗಳ ನಗುವನ್ನು ನಾವು ಒಪ್ಪಲಾರೆವು. ಬಡವನಿಗೆ ರೊಟ್ಟಿ ಸಾಕು, ಗಾಳಿ ಬೆಳಕು ಆಟಪಾಟಗಳೆಲ್ಲ ಉಳ್ಳವನಿಗಿರಲಿ ಎಂಬುದು ಸಾಹುಕಾರನ ಸಿದ್ಧಾಂತ. ಕೆಂಪು ಟೋಪಿ ಹಾಕಿಕೊಂಡು ಹೇಳಿದರೂ ಅದು ಸಾಹುಕಾರನದೇ.

ಮನಸ್ಸಿಗೆ ಬೇಕಾದುದರ ಹತ್ತಿರ ಹೋಗಿ ನೆಲೆಸುವ ಆಸೆ ಈ ನೆಲಕ್ಕೇನೂ ಹೊಸದಲ್ಲ. 12ನೆಯ ಶತಮಾನದಲ್ಲಿ ಶರಣರು ದೂರದೂರದ ನಾಡುಗಳಿಂದ ಕಲ್ಯಾಣಕ್ಕೆ ಬಂದದ್ದು ಜಾಗೀರು ಸಿಕ್ಕೀತೆಂದಲ್ಲ, ಶರಣರ ಸಂಗಕ್ಕೆ. ಕಾಶ್ಮೀರದ ಅರಸೊತ್ತಿಗೆಯನ್ನೇ ಬಿಟ್ಟು ಬಂದನೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯ ಕಟ್ಟಿಗೆ ಹೊರೆ ಮಾರಿ ಬದುಕಿದ. ಹುಮನಾಬಾದ್ ತಾಲ್ಲೂಕಿನ ಮೊಳಕೇರಾ ಇಂದಿಗೂ ಅವನ ಹೆಸರು ಹೇಳುತ್ತದೆ. ಅವನಿಗೆ ನೆಲೆಯೂ ತನ್ನ ಆಯ್ಕೆ, ಕಾಯಕವೂ ತನ್ನ ಆಯ್ಕೆ. ನಮ್ಮ ಕಾರ್ಮಿಕನಿಗೆ ಎರಡೂ ಇಲ್ಲ. ಗಿರಣಿಯ ಭೋಂಗಾ ಕೇಳುವಷ್ಟು ದೂರದಲ್ಲಿಯೇ ಅವನ ಮನೆ. ಕಿರಾಣಿ ಅಂಗಡಿಯವನಂತೂ ಅಂಗಡಿಯ ಹಿಂದಿನ ಖೋಲಿಯಲ್ಲೇ ಮಲಗುತ್ತಾನೆ. ಕಲಬುರಗಿಯ ಮಹಬೂಬ್ ಶಾಹಿ ಗಿರಣಿ ಮುಚ್ಚಿದಾಗ ಅದರ ಭೋಂಗಾವನ್ನೇ ನಂಬಿ ಮನೆ ಮಾಡಿದ್ದವರು ಎಲ್ಲಿ ನೆಲೆಸಬೇಕೆಂದು ಯಾವ ಮಾಲೀಕ ಕೇಳಿದ?

ನಮ್ಮ ಎರಡು ತಾಲ್ಲೂಕುಗಳಲ್ಲಿ ಹತ್ತುವ ಬಂಡೆ ಇಲ್ಲವೆನ್ನಬೇಕು. ಇಲ್ಲಿಯದು ಜಂಬಿಟ್ಟಿಗೆ ಕಲ್ಲು, ಅದರಡಿ ಕರಿಕಲ್ಲು. ಜಂಬಿಟ್ಟಿಗೆಯನ್ನು ಇಟ್ಟಿಗೆಯಂತೆ ಕಡಿದು ತೆಗೆಯಬಹುದು. ಮನೆ ಕಟ್ಟಲು ಒಳ್ಳೆಯದು, ಗವಿ ತೋಡಲು ಒಳ್ಳೆಯದು, ಬಸವಕಲ್ಯಾಣದಲ್ಲಿ ಅಕ್ಕನಾಗಮ್ಮನ ಗವಿ ನೋಡಿದವರಿಗೆ ಗೊತ್ತು. ಬೆರಳ ತುದಿಯಲ್ಲಿ ಮೈಭಾರ ತೂಗಲು ಹೋದರೆ ಮಾತ್ರ ಅದು ಪುಡಿಯುದುರುತ್ತದೆ. ಹತ್ತಬೇಕೆಂದರೆ ಹಂಪಿಯ ಗ್ರಾನೈಟ್ ಗುಂಡುಗಳಿಗೆ ಹೋಗಬೇಕು, ಬಾದಾಮಿಯ ಮರಳುಗಲ್ಲಿನ ಗೋಡೆಗಳಿಗೆ ಹೋಗಬೇಕು. ಬಸ್ಸಿನಲ್ಲಿ ಹೋಗಲು ಒಂದು ರಾತ್ರಿ, ಬರಲು ಒಂದು ರಾತ್ರಿ, ನಡುವೆ ಒಂದು ಹಗಲು.

ಆ ಒಂದು ಹಗಲು ನಮ್ಮವರ ಕೈಯಲ್ಲಿ ಇದೆಯೇ? 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿ ವಾರಕ್ಕೊಂದು ರಜೆ ಕೊಟ್ಟಿತು. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಅಂಗಡಿಯ ಆಳಿಗೂ ವಾರದ ರಜೆ ಇರಬೇಕೆನ್ನುತ್ತದೆ. ಕಾಗದದ ಮೇಲಿನ ಈ ರಜೆ ಬಜಾರಕ್ಕೆ ಇಳಿದದ್ದನ್ನು ಕಂಡವರು ನಮಗೆ ತಿಳಿಸಬೇಕು. ಸಾಲದೆಂಬಂತೆ 2023ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು ಕಾರ್ಖಾನೆಯ ದಿನವನ್ನು 12 ಗಂಟೆಯವರೆಗೆ ಎಳೆಯಲು ದಾರಿ ಮಾಡಿತು. ಹನ್ನೆರಡು ಗಂಟೆ ನಿಂತು ದುಡಿದ ಕೈ ಬಂಡೆ ಹಿಡಿಯುವುದಿರಲಿ, ರೊಟ್ಟಿ ಮುರಿಯಲೂ ನಡುಗುತ್ತದೆ.

ಬಂಡೆಯ ಬುಡದಲ್ಲೇ ಹುಟ್ಟಿದವರ ಪಾಡಾದರೂ ಏನು? ಬಾದಾಮಿಗೆ ಸಮೀಪದ ಗುಳೇದಗುಡ್ಡದಲ್ಲಿ ಖಣ ನೇಯುವವನು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದಾನೆ. ಹಗ್ಗ ಹಿಡಿದು ಬಂಡೆ ಹತ್ತುವವರು ಬೇರೆ ಕಡೆಯಿಂದ ಬರುತ್ತಾರೆ. ಹಂಪಿಯಲ್ಲಿ 2011ರ ಜುಲೈನಲ್ಲಿ ಬಜಾರದ ಮಂಟಪಗಳ ಸಣ್ಣ ವ್ಯಾಪಾರಿಗಳ ಮನೆ, ಅಂಗಡಿಗಳ ಮೇಲೆ ಬುಲ್ಡೋಜರ್ ಹರಿಯಿತು. ತುಂಗಭದ್ರೆಯ ಆಚೆಗಿನ ವಿರೂಪಾಪುರಗಡ್ಡಿಯ ಮಾತು ಇನ್ನೂ ಹತ್ತಿರದ್ದು. ಬೆನ್ನಿಗೆ ದಪ್ಪ ಹಾಸಿಗೆ ಕಟ್ಟಿಕೊಂಡು ದೇಶವಿದೇಶಗಳಿಂದ ಬಂಡೆ ಹತ್ತಲು ಬಂದವರು ಅಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡುತ್ತಿದ್ದರು. ಅವರಿಗೆ ಅನ್ನ ಬೇಯಿಸಿ, ಹರಿಗೋಲು ಹುಟ್ಟುಹಾಕಿ ಎಷ್ಟೋ ಜನ ಬದುಕಿದ್ದರು. ಕಟ್ಟಡಗಳು ಕಾಯಿದೆಗೆ ವಿರುದ್ಧವೆಂದು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು, ಮಾರ್ಚಿನಲ್ಲಿ ಎಲ್ಲವೂ ನೆಲಸಮ. ಸ್ಮಾರಕಗಳು ಉಳಿಯಬೇಕೆಂಬುದಕ್ಕೆ ನಾವು ವಿರೋಧಿಗಳಲ್ಲ. ಹತ್ತುವವರು ಮರುವರ್ಷ ಸಾಣಾಪುರದಲ್ಲೋ ಆನೆಗೊಂದಿಯಲ್ಲೋ ಕೋಣೆ ಹಿಡಿದಾರು. ಅವರ ಎಂಜಲು ತಟ್ಟೆ ತೊಳೆಯುತ್ತಿದ್ದ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು ಎಂಬುದು ನಮ್ಮ ಪ್ರಶ್ನೆ.

ಇದಕ್ಕೆ ಉತ್ತರ ಕೊಟ್ಟ ಕಾರ್ಮಿಕರು ಜಗತ್ತಿನಲ್ಲಿ ಇಲ್ಲದಿಲ್ಲ. 1932ರ ಏಪ್ರಿಲ್ 24ರಂದು ಹತ್ತಿಗಿರಣಿಗಳ ನಗರವಾದ ಮ್ಯಾಂಚೆಸ್ಟರಿನ ಸುತ್ತಲಿನ ಸುಮಾರು 400 ಜನ, ಜಮೀನ್ದಾರರು ಹಕ್ಕಿ ಬೇಟೆಗೆಂದು ಮುಚ್ಚಿಟ್ಟುಕೊಂಡಿದ್ದ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಅಪ್ಪಣೆಯಿಲ್ಲದೆ ನುಗ್ಗಿದರು. ಮುಂದಾಳು ಬೆನ್ನಿ ರಾತ್‌ಮನ್, 20 ವರ್ಷದ ಮೋಟಾರು ಮೆಕ್ಯಾನಿಕ್, ನಮ್ಮ ಹೆದ್ದಾರಿ ಬದಿಯ ಲಾರಿ ರಿಪೇರಿ ಹುಡುಗರಂಥವನೇ. (ಅವನು ಕಮ್ಯುನಿಸ್ಟ್. ಆ ಪಕ್ಷದೊಡನೆ ನಮ್ಮ ಜಗಳ ಬೇರೆ, ಇಲ್ಲಿ ಅವನಿಗೆ ಸಲ್ಲಬೇಕಾದ್ದನ್ನು ಸಲ್ಲಿಸಲೇಬೇಕು.) ಐವರಿಗೆ ಜೈಲಾಯಿತು. 1951ರಲ್ಲಿ ಆ ಸೀಮೆ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಅದೇ 1951ರಲ್ಲಿ ನಮ್ಮ ಕಾಗೋಡಿನ ಗೇಣಿದಾರರು ಒಡೆಯರ ಹೊಲಕ್ಕೆ ನೇಗಿಲು ಹೊತ್ತು ಇಳಿದರು, ಲೋಹಿಯಾ ಅವರ ಬೆಂಬಲಕ್ಕೆ ಬಂದು ಬಂಧಿತರಾದರು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಹೊಲ. ಬೇಲಿ ಒಂದೇ ಜಾತಿಯದು.

ಆ ಮ್ಯಾಂಚೆಸ್ಟರಿನಿಂದಲೇ ಬಂದವನು ನಲ್ಲಿ ಕೆಲಸ ಕಲಿತ ಜೋ ಬ್ರೌನ್. ಮೊದಮೊದಲು ತಾಯಿ ಬಟ್ಟೆ ಒಣಹಾಕಿ ಬಿಸಾಡಿದ ಹಗ್ಗ ಹಿಡಿದು ಬಂಡೆ ಹತ್ತಿದವನು, 1955ರಲ್ಲಿ ಕಾಂಚನಗಂಗೆಯನ್ನು ಮೊದಲು ಏರಿದ ಇಬ್ಬರಲ್ಲಿ ಒಬ್ಬನಾದ. ನಮ್ಮಲ್ಲಿ ಚಿತ್ರದುರ್ಗದ ಜ್ಯೋತಿರಾಜ್ ಇಲ್ಲವೇ? ತಮಿಳುನಾಡಿನಿಂದ ಬಂದು ಕೂಲಿ ಮಾಡಿ ಬದುಕಿದವರು, ಮಂಗಗಳನ್ನು ನೋಡಿ ಕಲಿತು ಕೋಟೆಯ ಗೋಡೆಗಳನ್ನು ಹಗ್ಗವಿಲ್ಲದೆ ಏರಿದವರು. ಬಂಡೆಗಾಗಿ ಊರು ಆರಿಸಿಕೊಂಡ ಮನುಷ್ಯನನ್ನು ನೋಡಬೇಕೆಂದರೆ ಅವರನ್ನು ನೋಡಬೇಕು.

ಆದ್ದರಿಂದ ನಮ್ಮ ಬೇಡಿಕೆ: ಹಂಪಿ, ಬಾದಾಮಿಗಳಲ್ಲಿ ದುಡಿಯುವವರಿಗೆಟುಕುವ ಬಾಡಿಗೆಯ ಸರ್ಕಾರಿ ವಸತಿ ಬೇಕು, ಅಲ್ಲಿಂದ ಎಬ್ಬಿಸಿದವರಿಗೇ ಅದರಲ್ಲಿ ಮೊದಲು ಕೆಲಸ ಸಿಗಬೇಕು. ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯ ತರಬೇತಿಗೆ ಬೀದರ ಜಿಲ್ಲೆಯ ಕಾರ್ಮಿಕರ ಮಕ್ಕಳನ್ನು ಪುಕ್ಕಟೆ ಸೇರಿಸಿಕೊಳ್ಳಬೇಕು. ಇದೆಲ್ಲಕ್ಕಿಂತ ಮೊದಲು ವಾರದ ರಜೆ ಜಾರಿಗೆ ಬರಬೇಕು. ಸಣ್ಣ ವ್ಯಾಪಾರಿ ಬಂಧುಗಳೇ, ನೀವೊಬ್ಬರೇ ಬಾಗಿಲು ಹಾಕಿದರೆ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನೆಂಬ ಅಂಜಿಕೆ ನಮಗೂ ಗೊತ್ತು. ಇಡೀ ಬಜಾರ ಒಂದೇ ದಿನ ಮುಚ್ಚಿದರೆ ಆ ಅಂಜಿಕೆಗೆ ಎಡೆಯಿಲ್ಲ. ರಜೆ ಕೊಡದ ಗಿರಣಿ, ಅಂಗಡಿಗಳ ಪಟ್ಟಿಯನ್ನು ನಮ್ಮ ಕಚೇರಿಗೆ ತಂದುಕೊಡಿ. ಬರೆದವರ ಹೆಸರು ಹೊರಗೆ ಬಾರದು. ಪಟ್ಟಿಯನ್ನು ಹಿಡಿದು ಕಾರ್ಮಿಕ ನಿರೀಕ್ಷಕರ ಬಾಗಿಲಿಗೆ ನಾವೇ ಹೋಗುತ್ತೇವೆ.