ಬಿಲ್ಲೆಯ ಅಂಚು

“ಗುಲಾಮಗಿರಿಯ ಬಿಲ್ಲೆಗಳನ್ನು ಹುಡುಕಿಕೊಂಡು ಹೋಗುತ್ತೀರಲ್ಲ, ನಿಮಗೆ ಬೇರೆ ಕೆಲಸವಿಲ್ಲವೆ?” ಬ್ರಿಟಿಷರ ಯುದ್ಧಗಳಲ್ಲಿ ನಮ್ಮ ಸಿಪಾಯಿಗಳಿಗೆ ದೊರೆತ ಪದಕಗಳ ವಿಚಾರವಾಗಿ ನಾಲ್ಕು ಮಾತು ಆಡಹೊರಟವನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳುವವರು ಓದಿದವರು, ದೇಶಾಭಿಮಾನಿಗಳು. ಪರಕೀಯರ ಅನ್ನ ತಿಂದು, ಪರದೇಶದವರನ್ನೋ ತನ್ನವರನ್ನೋ ಕೊಂದ ಕೂಲಿಬಂಟನ ಎದೆಯ ಮೇಲಣ ಲೋಹದ ಚೂರಿನಿಂದ ನಮಗೆ ಆಗಬೇಕಾದ್ದೇನು, ಕರಗಿಸಿದರೆ ಬೆಳ್ಳಿಯಾದರೂ ದಕ್ಕೀತು ಎಂಬುದು ಇವರ ವಾದ. ಮೇಲುನೋಟಕ್ಕೆ ವಾದ ಗಟ್ಟಿಯಾಗಿಯೇ ಇದೆ. ಆದರೆ ಅದನ್ನು ಆಡುವವರಲ್ಲಿ ಒಬ್ಬರಾದರೂ ಒಂದು ಪದಕವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ್ದಾರೆಯೆ ಎಂಬುದು ನನ್ನ ಸಂಶಯ.

ನಮ್ಮ ನೆಲದ ಪದಕದಿಂದಲೇ ಮೊದಲಿಡೋಣ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಆ ಜಯದ ನೆನಪಿಗೆ ಕಂಪನಿ ಸರ್ಕಾರ ಒಂದು ಪದಕ ಮಾಡಿಸಿತು. ಅಚ್ಚು ಕೊರೆದವನು ಕ್ಯೂಶ್ಲರ್. ಟಂಕಿಸಿದ್ದು ಬರ್ಮಿಂಗ್‌ಹ್ಯಾಮಿನ ಬಳಿ ಮ್ಯಾಥ್ಯೂ ಬೋಲ್ಟನ್ನನ ಸೋಹೋ ಟಂಕಸಾಲೆಯಲ್ಲಿ. ಒಂದು ಮುಖದಲ್ಲಿ ಆಂಗ್ಲರ ಸಿಂಹ ಹುಲಿಯನ್ನು ಕೆಡವಿ ಮೇಲೇರಿದೆ. ಇನ್ನೊಂದು ಮುಖದಲ್ಲಿ ಒಡೆದ ಕೋಟೆಗೆ ಸೈನ್ಯ ನುಗ್ಗುತ್ತಿದೆ. ಸಿಂಹದ ಮೇಲಣ ಬಾವುಟದಲ್ಲಿ ಅರಬ್ಬೀ ಅಕ್ಷರಗಳಿವೆ: ದೇವರ ಸಿಂಹವೇ ವಿಜಯಿ ಎಂದು. ತಮಾಷೆಯೆಂದರೆ ಟೀಪು ತನ್ನ ಆಯುಧಗಳ ಮೇಲೆ ಹುಲಿಮುಖದ ಆಕಾರದಲ್ಲಿ ಬರೆಸಿಕೊಂಡಿದ್ದ ವಾಕ್ಯವೂ ಅದೇ. ಸತ್ತವನ ರಾಜ್ಯವನ್ನು ತೆಗೆದುಕೊಂಡದ್ದು ಸಾಲದೆಂದು ಅವನ ಮಂತ್ರವನ್ನೂ ತೆಗೆದುಕೊಂಡರು!

ಈ ಒಂದೇ ಪದಕವನ್ನು ಐದು ಬಗೆಯಾಗಿ ಮಾಡಿದರು. ಗವರ್ನರ್ ಜನರಲ್ಲರಿಗೂ ದೊಡ್ಡ ಸೇನಾನಿಗಳಿಗೂ ಚಿನ್ನ, ಅವರ ಕೆಳಗಿನವರಿಗೆ ಗಿಲೀಟಿನ ಬೆಳ್ಳಿ, ಅದರ ಕೆಳಗೆ ಬರಿಯ ಬೆಳ್ಳಿ, ಇನ್ನೂ ಕಿರಿಯ ಅಧಿಕಾರಿಗಳಿಗೆ ಕಂಚು, ಸಿಪಾಯಿಗೆ ತವರ. ನ್ಯಾಯಕ್ಕೆ ಹೇಳಬೇಕು, ಗೋರಾ ಸಿಪಾಯಿಗೂ ತವರವೇ. ಕೋಟೆಯನ್ನು ಮುತ್ತಿದ್ದ ಕಾಲಾಳುಗಳಲ್ಲಿ ಹೆಚ್ಚಿನವರು ಈ ದೇಶದವರೇ. ಅವರ ಪಾಲಿಗೆ ಬಂದದ್ದು ತವರ. ಅದರ ಮೇಲೆ ಹೆಸರೂ ಇಲ್ಲ. ಇಂಥ ಒಂದು ತವರದ ತುಂಡು ಇಂದು ನಿಮ್ಮ ಕೈಗೆ ಬಂದರೆ ಅದನ್ನು ಪಡೆದವನು ಯಾರು, ಯಾವ ಊರಿನವನು, ಬದುಕಿ ಹಿಂದಿರುಗಿದನೋ ಇಲ್ಲವೋ, ಒಂದನ್ನೂ ಅದು ಹೇಳಲಾರದು.

ಇದಕ್ಕೆ ಏಳು ವರ್ಷ ಹಿಂದೆ, 1790–92ರ ಮೈಸೂರು ಯುದ್ಧಕ್ಕಾಗಿ ಕೊಟ್ಟ ಪದಕದಲ್ಲಿ ಹುಲಿಯೂ ಇಲ್ಲ, ಸಿಂಹವೂ ಇಲ್ಲ. ಬಾವುಟ ಹಿಡಿದು, ಉರುಳಿದ ಫಿರಂಗಿಯ ಮೇಲೆ ಕಾಲಿಟ್ಟು ನಿಂತ ಭಾರತೀಯ ಸಿಪಾಯಿಯೇ ಅಲ್ಲಿದ್ದಾನೆ, ದೂರದಲ್ಲಿ ಶ್ರೀರಂಗಪಟ್ಟಣ. ಆ ಪದಕವನ್ನು ಕೊಟ್ಟದ್ದು ಭಾರತೀಯರಿಗೆ ಮಾತ್ರ. ಬಿಳಿಯ ಅಧಿಕಾರಿಗಳೂ ಪದಕ ತೊಡುವ ಕಾಲ ಬಂದಾಗ ಸಿಪಾಯಿ ಚಿತ್ರದಿಂದ ಇಳಿದುಹೋದ, ಸಿಂಹ ಹತ್ತಿ ಕುಳಿತಿತು. ಯಾರ ದುಡಿಮೆ ಯಾರ ಲೆಕ್ಕಕ್ಕೆ ಜಮೆಯಾಯಿತೆಂಬುದು ಈ ಎರಡು ಪದಕಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಕಾಣುತ್ತದೆ. ಗುಲಾಮಗಿರಿಯ ಬಿಲ್ಲೆ ಎಂದು ಎಸೆದುಬಿಟ್ಟವರಿಗೆ ಗುಲಾಮಗಿರಿಯ ಈ ಲೆಕ್ಕವೇ ಸಿಗುವುದಿಲ್ಲ.

ಕೂಲಿಬಂಟ ಎಂಬ ಬೈಗುಳವೂ ಅಷ್ಟು ಸಲೀಸಲ್ಲ. ಶ್ರೀರಂಗಪಟ್ಟಣ ಬಿದ್ದು ಏಳು ವರ್ಷವಾದ ಮೇಲೆ, 1806ರಲ್ಲಿ, ವೆಲ್ಲೂರಿನ ಕೋಟೆಯಲ್ಲಿ ದಂಗೆಯೆದ್ದು ಮೈಸೂರು ಸುಲ್ತಾನನ ಬಾವುಟ ಹಾರಿಸಿದವರು ಯಾರು? ಕಂಪನಿಯ ಅದೇ ಮದರಾಸು ಸೈನ್ಯದ ಸಿಪಾಯಿಗಳು. ಇವರನ್ನು ಯಾವ ಪಟ್ಟಿಯಲ್ಲಿ ಬರೆಯುತ್ತೀರಿ ಸ್ವಾಮಿ, ದ್ರೋಹಿಗಳಲ್ಲೋ ವೀರರಲ್ಲೋ?

ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ಬದಲಾವಣೆ ಆಯಿತು. ಪದಕದ ಅಂಚಿನಲ್ಲಿ ಪಡೆದವನ ಹೆಸರು, ದರ್ಜೆ, ಪಲ್ಟನ್ನು ಕೊರೆಯುವ ರೂಢಿ ಬಂತು; ಮುಂದೆ ಅವನ ಸಂಖ್ಯೆಯೂ ಸೇರಿತು. ಸಂಶೋಧಕನಿಗೆ ರಾಣಿಯ ಮುಖ ಬೇಕಿಲ್ಲ, ಹಿಂಬದಿಯ ದೇವತೆಯೂ ಬೇಕಿಲ್ಲ. ಬೇಕಾದದ್ದು ಈ ಅಂಚು. 1903–04ರ ಟಿಬೆಟ್ ದಂಡಯಾತ್ರೆಯ ಪದಕವನ್ನು ನೋಡಿ. ಬಂದೂಕು ಹಿಡಿದವನಿಗೆ ಬೆಳ್ಳಿ. ಹಿಮದಲ್ಲಿ ಅವನ ಗಂಟುಮೂಟೆ ಹೊತ್ತು ಏರಿದವನಿಗೆ ಕಂಚು. ಆ ಕಂಚಿನ ಅಂಚಿನಲ್ಲಿ ಹೆಸರಿನ ಮುಂದೆ ‘ಕೂಲಿ’ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊರೆದಿದ್ದಾರೆ. ನಮ್ಮದೇ ಮಾತು ಹೀಗೆ ಲೋಹದಲ್ಲಿ ಎದುರಾದಾಗ ಮೈ ಜುಮ್ಮೆನ್ನುತ್ತದೆ. ಅವಮಾನ ಹೌದು. ಆದರೆ ಆ ಮನುಷ್ಯನ ಹೆಸರು ಬೇರೆಲ್ಲಿಯೂ ಬರೆದಿಲ್ಲದೆ ಇರಬಹುದು. ಅವಮಾನವನ್ನು ಅಳಿಸಹೋದರೆ ಮನುಷ್ಯನೂ ಅಳಿಸಿಹೋಗುತ್ತಾನೆ.

ಹೆಸರು ಬರೆಯಿಸಿಕೊಳ್ಳಲು ಬದುಕಿಯೂ ಇರಬೇಕಿತ್ತು. 1803ರಿಂದ 1826ರವರೆಗಿನ ಯುದ್ಧಗಳಿಗೆ ಪದಕ ಕೊಡುವ ಬುದ್ಧಿ ಬಂದದ್ದು 1851ರಲ್ಲಿ, ಅದೂ ಉಳಿದಿದ್ದು ಅರ್ಜಿ ಹಾಕಿದವರಿಗೆ. 1803ರಲ್ಲಿ ಅಸ್ಸಾಯೆಯಲ್ಲಿ ಕಾದಿದ ಸಿಪಾಯಿ 48 ವರ್ಷ ಬದುಕಿ, ಹಳ್ಳಿಯಲ್ಲಿ ಕುಳಿತು, ಆ ಸುದ್ದಿ ಕೇಳಿ ಅರ್ಜಿ ಬರೆಸಬೇಕಾಗಿತ್ತು! ಪಡೆದ ಭಾರತೀಯರು ಬಹಳ ಕಡಮೆಯೆಂಬುದರಲ್ಲಿ ಆಶ್ಚರ್ಯವೇನಿದೆ?

ಈ ಪದಕದ ಪಟ್ಟಿಗಳಲ್ಲಿ ಒಂದರ ಮೇಲೆ ಕೋರೆಗಾಂವದ ಹೆಸರಿದೆ. ಪುಣೆಯ ಬಳಿಯ ಆ ಊರಿನಲ್ಲಿ 1818ರ ಜನವರಿ 1ರಂದು ನಡೆದ ಕಾಳಗಕ್ಕೆ ಕಂಪನಿ ಒಂದು ಕಲ್ಲಿನ ಸ್ತಂಭವನ್ನೂ ನೆಟ್ಟು, ಸತ್ತವರ ಹೆಸರುಗಳನ್ನು ಕೆತ್ತಿಸಿತು. ಅವುಗಳಲ್ಲಿ 22 ಹೆಸರುಗಳು ‘ನಾಕ’ ಎಂದು ಮುಗಿಯುತ್ತವೆ, ಮಹಾರರ ಹೆಸರುಗಳು. ಕಂಪನಿಗೆ ಬೇಕಾಗಿದ್ದದ್ದು ತನ್ನ ಜಯದ ಡಂಗುರ. 1927ರ ಜನವರಿ 1ರಂದು ಅಲ್ಲಿಗೆ ಹೋದ ಅಂಬೇಡ್ಕರ್ ಅವರಿಗೆ ಬೇಕಾಗಿದ್ದದ್ದು ಡಂಗುರವಲ್ಲ, ಆ ಹೆಸರುಗಳು. ಊರೊಳಗೆ ಬಿಟ್ಟುಕೊಳ್ಳದ ಜನರ ಹೆಸರುಗಳು ಕಲ್ಲಿನ ಮೇಲೆ ಇದ್ದುವು. ವರ್ಷವರ್ಷವೂ ಅಲ್ಲಿಗೆ ಹೋಗುವ ಲಕ್ಷಾಂತರ ಜನ ಅವುಗಳನ್ನೇ ನೋಡಲು ಹೋಗುತ್ತಾರೆ. ಕಲ್ಲು ಪರಕೀಯರದೆಂದು ಕಿತ್ತುಹಾಕಿದ್ದರೆ ಯಾರಿಗೆ ನಷ್ಟವಾಗುತ್ತಿತ್ತು? ವಾದ ಮಾಡುವ ನಮ್ಮ ಮಹನೀಯರಿಗಂತೂ ಅಲ್ಲ.

ಇನ್ನು ಹೊಗಳುವವರ ಕತೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಭರ್ಜಿ ಕುದುರೆಪಡೆಗಳು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದುಕೊಂಡವು. ದೆಹಲಿಯ ತೀನ್ ಮೂರ್ತಿಯ ಮೂವರಲ್ಲಿ ಒಬ್ಬ ನಮ್ಮ ಮೈಸೂರಿನವನು. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರೂ ಸೇರಿತು. ಭಾಷಣ, ಹಾರ, ತುರಾಯಿ ಎಲ್ಲವೂ ಆದುವು. ಒಳ್ಳೆಯದೇ. ಆದರೆ ಆ ದಿನ ಮೈಸೂರಿನ ಕುದುರೆಯ ಮೇಲಿದ್ದ ಹತ್ತು ಜನ ಸವಾರರ ಹೆಸರು ಹೇಳಿ ಎಂದರೆ ಭಾಷಣಕಾರರು ಕೆಮ್ಮುತ್ತಾರೆ. ಪ್ರತಿಮೆಗೆ ಹೆಸರಿಲ್ಲ, ಪ್ರತಿಮೆಯನ್ನು ಹೊಗಳಲು ಹೆಸರು ಬೇಕಾಗಿಯೂ ಇಲ್ಲ.

ಪಂಜಾಬಿನವರು ಈ ವಿಷಯದಲ್ಲಿ ನಮಗಿಂತ ಮುಂದೆ ಹೋಗಿದ್ದಾರೆ. ಮೊದಲನೆಯ ಮಹಾಯುದ್ಧಕ್ಕೆ ಹೋದ ಸುಮಾರು 3,20,000 ಪಂಜಾಬಿಗಳ ದಾಖಲೆ, ಹಳ್ಳಿಹಳ್ಳಿಯ ಲೆಕ್ಕದಲ್ಲಿ ಬರೆದದ್ದು, ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಸುಮಾರು ನೂರು ವರ್ಷ ಧೂಳು ತಿನ್ನುತ್ತಿತ್ತು. ಅದನ್ನು ಗಣಕಕ್ಕೆ ಏರಿಸುವ ಕೆಲಸದ ಸುದ್ದಿ 2021ರಲ್ಲಿ ಹೊರಬಂತು. ಗಡಿಯ ಆಚೆಈಚೆಯ ಮೊಮ್ಮಕ್ಕಳು ತಮ್ಮ ಹಳ್ಳಿಯ ಹೆಸರಿನಿಂದ ಮುತ್ತಜ್ಜನನ್ನು ಹುಡುಕುವಂತಾಯಿತು. ಮೈಸೂರು ಸಂಸ್ಥಾನದ ಕಡತಗಳು ಬೆಂಗಳೂರಿನ ಪತ್ರಾಗಾರದಲ್ಲಿವೆ; ಹಳೆಯ ಯುದ್ಧಗಳ ಪದಕದ ಪಟ್ಟಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ಇಂಡಿಯಾ ಆಫೀಸಿನ ದಾಖಲೆಗಳ ನಡುವೆ ಇವೆ. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಇತಿಹಾಸ ವಿಭಾಗಗಳಿಗೇನೂ ಕೊರತೆಯಿಲ್ಲ. ಒಂದು ಪಡೆಯ ಹೆಸರುಗಳನ್ನು ಹಿಡಿದು ತಾಲ್ಲೂಕು ತಾಲ್ಲೂಕು ತಿರುಗುವ ನಾಲ್ಕು ಜನ ವಿದ್ಯಾರ್ಥಿಗಳನ್ನು ಕಳಿಸಲು ಎಷ್ಟು ಹಣ ಬೇಕು? ಒಂದು ಹಾರ ತುರಾಯಿಯ ಸಭೆಗಿಂತ ಬಹಳ ಹೆಚ್ಚೇನೂ ಅಲ್ಲ.

ತಡ ಮಾಡಿದಷ್ಟೂ ವಸ್ತು ಕರಗುತ್ತಿದೆ. ಇದು ಅಲಂಕಾರದ ಮಾತಲ್ಲ. ಮೊದಲನೆಯ ಮಹಾಯುದ್ಧದ ಬೆಳ್ಳಿಯ ಪದಕ ಸುಮಾರು ಎರಡೂವರೆ ತೊಲ ತೂಗುತ್ತದೆ. ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಅದು ಅಕ್ಕಸಾಲಿಯ ಮೂಸೆಗೆ ಹೋಗಿ ಕಾಲುಗೆಜ್ಜೆಯಾಯಿತು. ಜೊತೆಯಲ್ಲಿ ಕೊಟ್ಟ ಕಂಚಿನ ಪದಕಕ್ಕೆ ಬೆಲೆಯಿಲ್ಲದ್ದರಿಂದ ಅದು ಕೆಲವು ಮನೆಗಳಲ್ಲಿ ಉಳಿದಿದೆ. ಬಡವರನ್ನು ಹಂಗಿಸಲು ಈ ಮಾತು ಹೇಳಲಿಲ್ಲ. ಹೊಟ್ಟೆಗಿಲ್ಲದವನು ಬೆಳ್ಳಿ ಮಾರಿದರೆ ತಪ್ಪೇನು? ಮಾರುವ ಮುನ್ನ ಅಂಚಿನ ಸಾಲನ್ನು ಒಂದು ಕಾಗದದ ಮೇಲೆ ಇಳಿಸಿಕೊಳ್ಳಿ ಎಂದು ಹೇಳಬಲ್ಲ ಓದಿದವರು ಪಕ್ಕದ ಬೀದಿಯಲ್ಲೇ ಇದ್ದರು. ಅವರು “ಗುಲಾಮಗಿರಿಯ ಬಿಲ್ಲೆ” ಎಂದು ಸುಮ್ಮನಾದರು.

ಉಳಿದ ಕಂಚಿಗೂ ಒಂದು ಗಂಡಾಂತರವಿದೆ. ಆಯುಧಪೂಜೆಯ ಹಿಂದಿನ ದಿನ ಅದನ್ನು ಹಿತ್ತಾಳೆ ಪಾತ್ರೆಗಳ ಜೊತೆಗೆ ಹುಣಸೆಹಣ್ಣು ಹಾಕಿ ತಿಕ್ಕುವ ಮನೆಗಳುಂಟು. ತಿಕ್ಕಿ ತಿಕ್ಕಿ ವಿಜಯದೇವತೆಯ ಮೂಗಿನೊಂದಿಗೆ ಅಂಚಿನ ಅಕ್ಷರಗಳೂ ಸವೆಯುತ್ತವೆ. ಈ ಸಲ ತಿಕ್ಕುವುದಕ್ಕೆ ಮೊದಲು, ಮನೆಯಲ್ಲಿ ಕಣ್ಣು ಚೆನ್ನಾಗಿರುವ ಹುಡುಗನೊಬ್ಬನನ್ನು ಕಿಟಕಿಯ ಬಳಿ ಕೂರಿಸಿ, ಅಂಚಿನಲ್ಲಿರುವ ಸಂಖ್ಯೆ, ಹೆಸರು, ಪಲ್ಟನ್ನುಗಳನ್ನು ಕಾಗುಣಿತ ತಿದ್ದದೆ ಇದ್ದದ್ದು ಇದ್ದ ಹಾಗೆಯೇ ಬರೆಯಿಸಿಡಿ.