ಎಟಿಎಸ್ ಸ್ಕೋರ್ ಮಾರೋರಿಗೆ ದುಡ್ಡು ಕೊಡಬೇಡಿ

"ನಿಮ್ಮ ರೆಸ್ಯೂಮೆಯ ಎಟಿಎಸ್ ಸ್ಕೋರ್ ಬರೀ 42. ದುಡ್ಡು ಕಟ್ಟಿ, 95 ಮಾಡಿಕೊಡ್ತೀವಿ." ಈ ಜಾಹೀರಾತು ನಿಮ್ಮ ಫೀಡಿಗೂ ಬಂದಿರುತ್ತೆ. ಒಂದೇ ಪ್ರಶ್ನೆ ಕೇಳಿ: ಈ 42 ಕೊಟ್ಟಿದ್ದು ಯಾರು? ನೀವು ಅರ್ಜಿ ಹಾಕಿದ ಕಂಪನಿ ಅಲ್ಲ, ಸ್ಕೋರ್ ಮಾರುವವನದೇ ಸಾಫ್ಟ್‌ವೇರ್. ಕಾಯಿಲೆ ಇದೆ ಅಂದವನೂ ಅವನೇ, ಔಷಧಿ ಮಾರುವವನೂ ಅವನೇ.

ಎಟಿಎಸ್ ಅಂದರೆ ಅಪ್ಲಿಕೆಂಟ್ ಟ್ರ್ಯಾಕಿಂಗ್ ಸಿಸ್ಟಮ್. ಬಂದ ಅರ್ಜಿಗಳನ್ನು ಜೋಡಿಸಿಡುವ ಬೀರು ಅಂದ್ಕೊಳ್ಳಿ. ನಿಮ್ಮ ಫೈಲಿನಿಂದ ಅಕ್ಷರ ಹೊರತೆಗೆದು ಹೆಸರು, ಓದು, ಅನುಭವ ಅಂತ ಖಾನೆಗಳಿಗೆ ತುಂಬುತ್ತೆ. ಆಮೇಲೆ ಎಚ್‌ಆರ್ ಅದರಲ್ಲಿ "ಜಾವಾ", "ಟ್ಯಾಲಿ" ಅಂತ ಹುಡುಕ್ತಾರೆ. ಕೆಲವು ಸಿಸ್ಟಮ್‌ಗಳು ರ‍್ಯಾಂಕ್ ಕೂಡ ಕೊಡುತ್ತವೆ. ಆದರೆ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಎಲ್ಲರಿಗೂ ಸಲ್ಲುವ ಸ್ಕೋರ್ ಅನ್ನೋದೇ ಇಲ್ಲ. "75 ಪರ್ಸೆಂಟ್ ರೆಸ್ಯೂಮೆಗಳನ್ನು ಮನುಷ್ಯರು ನೋಡೋದೇ ಇಲ್ಲ" ಅನ್ನೋ ರೀಲ್ಸ್ ಕಂಡರೆ, ಯಾವ ಅಧ್ಯಯನ ಅಂತ ಕಾಮೆಂಟಿನಲ್ಲಿ ಕೇಳಿ ನೋಡಿ.

ಹಾಗಾದರೆ ಏನೂ ಮಾಡೋದು ಬೇಡ್ವಾ? ಬೇಕು. ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಹಳೇ ಪತ್ರವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಿದ್ದೀರಾ? ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಕಣ್ಣಿಗೆ ಕಾಣೋದು ಬೇರೆ, ಫೈಲಿನೊಳಗೆ ಇರೋದು ಬೇರೆ. ಬಣ್ಣದ ಟೆಂಪ್ಲೇಟ್, ಎರಡು ಕಾಲಂ, ಟೇಬಲ್, ಚಿತ್ರದೊಳಗಿನ ಅಕ್ಷರ ಹಾಕಿದ ರೆಸ್ಯೂಮೆಗೂ ಇದೇ ಗತಿ ಆಗಬಹುದು.

ಪರೀಕ್ಷೆ ಪುಕ್ಕಟೆ. ಪಿಡಿಎಫ್ ತೆರೆದು ಎಲ್ಲವನ್ನೂ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ. ಯಂತ್ರಕ್ಕೆ ಕಾಣೋದು ಹೆಚ್ಚುಕಮ್ಮಿ ಅದೇ. ಸಾಲುಗಳು ಕಲಸಿಹೋಗಿದ್ದರೆ ಒಂದೇ ಕಾಲಂಗೆ ತನ್ನಿ. ಜಾಹೀರಾತಿನಲ್ಲಿ "ಜಿಎಸ್‌ಟಿ ರಿಟರ್ನ್ಸ್" ಅಂತಿದ್ದು, ನೀವು ನಿಜಕ್ಕೂ ಆ ಕೆಲಸ ಮಾಡಿದ್ದರೆ, ಬರೀ "ಅಕೌಂಟ್ಸ್" ಅಂತ ಬರೀಬೇಡಿ, ಅದೇ ಪದ ಬಳಸಿ. ಮಾಡಿಲ್ಲದ್ದನ್ನು ಸೇರಿಸಬೇಡಿ. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ಕೀವರ್ಡ್ ಬಚ್ಚಿಡೋ "ಟ್ರಿಕ್" ಅಂತೂ ಬೇಡವೇ ಬೇಡ. ಅದೇ ಕಾಪಿ-ಪೇಸ್ಟಿನಲ್ಲಿ ಬಯಲಾಗುತ್ತೆ.

ಇಷ್ಟು ನಮ್ಮ ಪಾಲಿನ ಕೆಲಸ. ಉಳಿದದ್ದು ಕಂಪನಿಗಳದ್ದು, ಅದರ ಬಗ್ಗೆ ಯಾರೂ ಮಾತಾಡಲ್ಲ.

ಅಮೆಜಾನ್ ಪ್ರಯೋಗಕ್ಕೆಂದು ಕಟ್ಟಿದ ನೇಮಕಾತಿ ಯಂತ್ರದ ಕಥೆಯನ್ನು 2018ರಲ್ಲಿ ರಾಯಿಟರ್ಸ್ ಬಯಲು ಮಾಡಿತು. 10 ವರ್ಷ ಬಂದ ರೆಸ್ಯೂಮೆಗಳಿಂದ ಅದು ಕಲಿತಿತ್ತು, ಬಹುಪಾಲು ಗಂಡಸರವು. "ಮಹಿಳಾ" ಅನ್ನೋ ಪದ ಕಂಡರೆ ಅಂಕ ಇಳಿಸುತ್ತಿತ್ತು. ಕೊನೆಗೆ ಅದನ್ನು ಕೈಬಿಟ್ಟರು. ಅಮೆರಿಕ, ಬ್ರಿಟನ್, ಜರ್ಮನಿಯ ಕಂಪನಿಗಳನ್ನು ವಿಚಾರಿಸಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಆಕ್ಸೆಂಚರ್ 2021ರಲ್ಲಿ ತಂದ ವರದಿ ಇನ್ನೊಂದು ಹೇಳಿತು: ಕೆಲಸದಲ್ಲಿ 6 ತಿಂಗಳಿಗಿಂತ ಹೆಚ್ಚು ಗ್ಯಾಪ್ ಇದ್ದರೆ ಸೋಸಿ ಹಾಕುವ ಕಂಪನಿಗಳು ಬೇಕಾದಷ್ಟಿವೆ.

ಈಗ ನಮ್ಮೂರಿನವರನ್ನು ನೆನಪಿಸಿಕೊಳ್ಳಿ. ಎರಡು ವರ್ಷ ಕೆಪಿಎಸ್‌ಸಿಗೆ ಓದಿದ ಹುಡುಗ. ಹೆರಿಗೆ ಆಗಿ ಮಗು ನೋಡ್ಕೊಂಡ ಅಕ್ಕ. ಹಾಸಿಗೆ ಹಿಡಿದ ಅಪ್ಪನ ಸೇವೆಗೆ ಊರಿಗೆ ಬಂದ ಮಗ. ಅಂಥ ಸೋಸುವಿಕೆ ಇದ್ದಲ್ಲಿ ಇವರನ್ನು ಯಾವ ಫಾಂಟ್ ಕಾಪಾಡುತ್ತೆ? ಯಾವ 95 ಕಾಪಾಡುತ್ತೆ? ಆ ಗೆರೆ ಎಳೆದಿದ್ದು ಮನುಷ್ಯರು. "ಸಿಸ್ಟಮ್ ರಿಜೆಕ್ಟ್ ಮಾಡ್ತು" ಅನ್ನೋದು ಅವರಿಗೆ ಅನುಕೂಲದ ನೆಪ.

ನ್ಯೂಯಾರ್ಕ್ ನಗರದಲ್ಲಿ 2023ರ ಜುಲೈನಿಂದ ಒಂದು ಕಾನೂನು ಜಾರಿಯಲ್ಲಿದೆ. ಆಯ್ಕೆಗೆ ಇಂಥ ಯಂತ್ರ ಬಳಸಿದರೆ ಅರ್ಜಿದಾರರಿಗೆ ಮೊದಲೇ ತಿಳಿಸಬೇಕು, ಪಕ್ಷಪಾತ ಇದೆಯಾ ಅಂತ ಹೊರಗಿನವರಿಂದ ತಪಾಸಣೆ ಮಾಡಿಸಬೇಕು. ಬೆಂಗಳೂರಿನಲ್ಲಿ ಕೂತು ಅರ್ಜಿ ಹಾಕುವ ನಾವೂ ಇಷ್ಟನ್ನು ಕೇಳಬಾರದಾ?

ಮುಂದಿನ ಸಲ ಅರ್ಧ ಗಂಟೆಯಲ್ಲಿ ರಿಜೆಕ್ಟ್ ಮೇಲ್ ಬಂದರೆ ಒಂದು ಸಾಲು ಬರೀರಿ: "ನನ್ನ ಅರ್ಜಿಯನ್ನು ಯಾರಾದರೂ ಓದಿದರಾ?" ಉತ್ತರ ಬರದೇ ಇರಬಹುದು. ಆದರೂ ಕೇಳಿ. ಒಬ್ಬರು ಕೇಳಿದರೆ ಅದು ಗೊಣಗಾಟ, ಸಾವಿರ ಜನ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತೆ.

ಸೇವ್ ಮಾಡ್ಕೊಳ್ಳಿ. ಸ್ಕೋರಿಗೆ ದುಡ್ಡು ಕಟ್ಟೋಕೆ ಹೊರಟಿರೋ ಗೆಳೆಯರಿಗೆ ಈಗಲೇ ಕಳಿಸಿ.

#ಉದ್ಯೋಗ #ರೆಸ್ಯೂಮೆ #ಫ್ರೆಶರ್ಸ್ #ಕನ್ನಡ