ರಾಜನಿಗೆ ಅತ್ತದ್ದು ಸಾಕು, ಆಳಿನ ಲೆಕ್ಕ ಕೇಳೋಣ



ನಮ್ಮ ಹಾಸ್ಟೆಲುಗಳಲ್ಲಿ ಐತಿಹಾಸಿಕ ಕಾದಂಬರಿ ಕೈಯಿಂದ ಕೈಗೆ ಓಡಾಡ್ತದೆ. ರಾತ್ರಿ ಊಟ ಮುಗಿದ ಮೇಲೆ ಒಬ್ಬ ಓದ್ತಾನೆ, ನಾಲ್ಕು ಜನ ಕೇಳ್ತಾರೆ. ಬಿಳಿಯರು ಬರ್ತಾರೆ, ಅರಮನೆ ಬೀಳ್ತದೆ, ರಾಜ ನಾಡು ಬಿಟ್ಟು ಹೋಗ್ತಾನೆ. ನಮ್ಮ ಗಂಟಲೂ ಕಟ್ಟುತ್ತದೆ. ಅಳುವವರು ನಾವು, ಸರಿ. ಬಿದ್ದದ್ದು ಯಾರ ಮನೆ?

ಮಾಸ್ತಿಯವರ 'ಚಿಕವೀರ ರಾಜೇಂದ್ರ'ವನ್ನೇ ತೆಗೆದುಕೊಳ್ಳಿ. 1956ರಲ್ಲಿ ಬಂದ ಕಾದಂಬರಿ. 1983ರ ಜ್ಞಾನಪೀಠ ಪ್ರಶಸ್ತಿಯ ಜೊತೆ ಸೇರಿಕೊಂಡ ಹೆಸರು. 1834ರಲ್ಲಿ ಕಂಪನಿ ಸರ್ಕಾರ ಗದ್ದುಗೆಯಿಂದ ಇಳಿಸಿದ ಕೊಡಗಿನ ಕೊನೆಯ ರಾಜನ ಕಥೆ. ರಾಜನ ಕ್ರೌರ್ಯವನ್ನು ಮಾಸ್ತಿಯವರು ಮುಚ್ಚಿಟ್ಟಿಲ್ಲ, ಅದನ್ನು ಒಪ್ಪುತ್ತೇವೆ. ಆದರೆ ಕಥೆ ತಿರುಗುವುದು ರಾಜ, ರಾಣಿ, ಮಂತ್ರಿ, ಬಿಳಿ ದೊರೆಗಳ ನಡುವೆ. ಆ ನಾಡಿನ ಗದ್ದೆ ಉತ್ತವರು, ಕೆಸರಲ್ಲಿ ನಾಟಿ ಹಾಕಿದವರು ಎಷ್ಟು ಪುಟ ಮಾತಾಡ್ತಾರೆ? ನಮ್ಮ ಮಾತು ನಂಬಬೇಡಿ. ಪುಸ್ತಕ ತೆರೆದು ನೀವೇ ಎಣಿಸಿ.

ರಾಜರ ಕಾಲದ ಕೊಡಗಿನಲ್ಲಿ ಹೊಲೆಯರು, ಯರವರು ಗುಲಾಮರಾಗಿದ್ದರು. ರಾಜನಿಗೆ ಸೈನ್ಯಸೇವೆ ಕೊಟ್ಟವನಿಗೆ ಕಡಿಮೆ ಕಂದಾಯದ ಜಮ್ಮಾ ಭೂಮಿ. ಆ ಭೂಮಿಯ ಜೊತೆಗೇ ದನದ ಲೆಕ್ಕದಲ್ಲಿ ಆಳುಗಳು. ಅಪ್ಪ ಆಳಾದರೆ ಮಗನೂ ಆಳು. ಹಾಗಾದರೆ 1834ರಲ್ಲಿ ಕಳೆದುಹೋದ ಸ್ವಾತಂತ್ರ್ಯ ಯಾರದು? ನಮ್ಮದಂತೂ ಅಲ್ಲ. ನಮ್ಮ ಹತ್ತಿರ ಇದ್ದರೆ ತಾನೆ ಕಳೆದುಹೋಗೋದು!

ಗದ್ದುಗೆ ಕಳೆದುಕೊಂಡ ರಾಜ ಕಾಶಿಯಲ್ಲಿದ್ದ. 1852ರಲ್ಲಿ ಕಂಪನಿಯಿಂದ ತನ್ನ ಹಣ ಕೇಳಲು ಇಂಗ್ಲೆಂಡಿಗೆ ಹೋದ. ಅದೇ ವರ್ಷ ಮಗಳು ಗೌರಮ್ಮ ಕ್ರೈಸ್ತಳಾದಾಗ ಸ್ವತಃ ವಿಕ್ಟೋರಿಯಾ ರಾಣಿ ಧರ್ಮತಾಯಿಯಾಗಿ ನಿಂತಳು. ಸೋತ ರಾಜನ ಮಗಳಿಗೆ ಗೆದ್ದ ರಾಣಿಯ ಮಡಿಲು. ಯರವರ ಹುಡುಗಿಗೆ ಯಾರು ನಿಂತರು?

ಹಾಗಂತ ಬಿಳಿಯ ಬಂದು ನಮ್ಮನ್ನು ಉದ್ಧಾರ ಮಾಡಿದ ಅಂತ ಹಾರ ಹಿಡಿದು ನಿಲ್ಲಬೇಡಿ. ನಮ್ಮಲ್ಲೂ ಕೆಲವರು ಹಾಗೆ ಮಾತಾಡ್ತಾರೆ. 1843ರ ಕಾನೂನು ಗುಲಾಮಗಿರಿಗೆ ಮಾನ್ಯತೆ ಇಲ್ಲ ಅಂತು. ಆದರೆ ಭೂಮಿ ಕೊಟ್ಟಿತೇ? ಇಲ್ಲ. ಜಮ್ಮಾ ಹಿಡುವಳಿಯನ್ನು ದೊರೆಗಳು ಹಾಗೇ ಉಳಿಸಿಕೊಂಡರು. 1854ರಿಂದ ಕೊಡಗಿನಲ್ಲಿ ದೊರೆಗಳ ಕಾಫಿ ತೋಟ ಶುರುವಾಯಿತು. 1859ರಲ್ಲಿ ಇನ್ನೊಂದು ಕಾನೂನು ಬಂತು. ಮುಂಗಡ ಪಡೆದ ಆಳು ಕೆಲಸ ಬಿಟ್ಟರೆ ಮ್ಯಾಜಿಸ್ಟ್ರೇಟನ ಮುಂದೆ ಎಳೆಯಬಹುದು. ಅವನ ಆಜ್ಞೆ ಮೀರಿದರೆ ಮೂರು ತಿಂಗಳವರೆಗೆ ಜೈಲು. ಒಂದು ಕೈಯಲ್ಲಿ ಹಗ್ಗ ಬಿಚ್ಚಿದರು, ಇನ್ನೊಂದು ಕೈಯಲ್ಲಿ ಕಟ್ಟಿದರು. 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಬಾಬಾಸಾಹೇಬರು ಬ್ರಿಟಿಷರ ಮುಖಕ್ಕೇ ಹೇಳಿದ್ದು ಇದನ್ನೇ: ನಿಮ್ಮ ಆಳ್ವಿಕೆಯಲ್ಲಿ ನಮ್ಮ ಪಾಡು ಬದಲಾಗಲಿಲ್ಲ ಅಂತ.

ಹಾಗಾದರೆ ಕಾದಂಬರಿ ಓದಬಾರದೇ? ಓದಬೇಕು. ಕುವೆಂಪು 1967ರಲ್ಲಿ 'ಮಲೆಗಳಲ್ಲಿ ಮದುಮಗಳು' ಕೊಟ್ಟರು. ಹಿಂದಿನ ಶತಮಾನದ ಕೊನೆಯ ಮಲೆನಾಡು ಅದು. ಅಲ್ಲಿ ಜೀತದಾಳು ಗುತ್ತಿ ತಿಮ್ಮಿಯನ್ನು ಕರಕೊಂಡು ಓಡಿಹೋಗ್ತಾನೆ, ಅವನ ನಾಯಿಗೂ ಹೆಸರುಂಟು. ಬರೆಯುವವನಿಗೆ ಕಣ್ಣಿದ್ದರೆ ಆಳು ಕಾಣ್ತಾನೆ ಅನ್ನೋದಕ್ಕೆ ಇದೇ ಸಾಕ್ಷಿ. 'ಆ ಕಾಲವೇ ಹಾಗಿತ್ತು, ಬರೆಯೋಕೆ ಏನೂ ಸಿಗೋದಿಲ್ಲ' ಅನ್ನುವ ಮೇಷ್ಟ್ರ ನೆಪ ಇನ್ನು ನಡೆಯೋದಿಲ್ಲ.

ಇದು ಹಳೇ ಕಥೆ, ನಮಗ್ಯಾಕೆ ಅನ್ನಬೇಡಿ. ಜೀತ ಕಾನೂನಿನಲ್ಲಿ ರದ್ದಾದದ್ದು 1976ರಲ್ಲಿ. 2016ರ ಡಿಸೆಂಬರಿನಲ್ಲಿ ಅದೇ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಸರ್ಕಾರವೇ ಕೆಡವಿಸಿತು. ಲೈನ್ ಮನೆ ಬಿಟ್ಟು ಬಂದು ಸ್ವಂತ ಸೂರು ಕೇಳಿದ್ದೇ ಅವರ ತಪ್ಪು. ರಾಜ ಹೋದ, ದೊರೆ ಹೋದ, ಭೂಮಿಯ ಲೆಕ್ಕ ಮಾತ್ರ ಹಾಗೇ ಇದೆ. ಅರಮನೆ ಬಿದ್ದದ್ದಕ್ಕೆ ಅತ್ತವರು ಈ ಗುಡಿಸಲಿಗೆ ಎಷ್ಟು ಜನ ಅತ್ತರು?

ಇನ್ನು ಮೇಲೆ ಕಾದಂಬರಿ ಓದುವಾಗ ಪಕ್ಕದಲ್ಲಿ ಪೆನ್ಸಿಲ್ ಇಟ್ಟುಕೊಳ್ಳೋಣ. ಭೂಮಿ ಯಾರದು? ಗೇಯ್ದವರು ಯಾರು? ಅವರಿಗೆ ಹೆಸರು ಇದೆಯೋ, ಬರೀ ಜಾತಿ ಇದೆಯೋ? ಮೂರು ಪ್ರಶ್ನೆ, ಅಷ್ಟೇ.

ಇನ್ನೊಂದು ಕೆಲಸ. ರಜೆಗೆ ಊರಿಗೆ ಹೋದಾಗ ಅಜ್ಜಿಯ ಪಕ್ಕ ಕೂತು ಕೇಳಿ: ನಮ್ಮ ಮುತ್ತಜ್ಜ ಯಾರ ಮನೆಯಲ್ಲಿ ಜೀತಕ್ಕಿದ್ದ, ಎಷ್ಟು ಸಾಲಕ್ಕೆ, ಬಿಡಿಸಿಕೊಂಡದ್ದು ಹೇಗೆ? ಬರೆದಿಟ್ಟುಕೊಳ್ಳಿ, ಮುಂದಿನ ಸಭೆಗೆ ತನ್ನಿ. ಅಜ್ಜಿ ಹೋದರೆ ಆ ಲೆಕ್ಕವೂ ಅವಳ ಜೊತೆ ಮಣ್ಣಾಗ್ತದೆ. ರಾಜನ ಕಥೆ ಬರೆಯೋಕೆ ಬೇಕಾದಷ್ಟು ಜನ ಇದ್ದಾರೆ. ನಮ್ಮದನ್ನು ನಾವೇ ಬರೆಯಬೇಕು.

ಜೈ ಭೀಮ್.